ಸೋಮನ ಬಲಗಾಲು ಮತ್ತು ನನ್ನ ಹೊಟ್ಟೆಕಿಚ್ಚು

ಕೋವಿಡ್ ಮುಗಿದ ಮೇಲಿನ ಎರಡನೆಯ ಮುಂಗಾರು. ಕುಂದಗೋಳ ತಾಲೂಕಿನಲ್ಲಿ, ಯರಗುಪ್ಪಿ ಕಡೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಆಸ್ಪತ್ರೆಯ ಎದುರಿನ ಬೇವಿನ ಮರದ ಕೆಳಗೆ ಇಮಾಮಸಾಬ ಕೂರುತ್ತಿದ್ದರು. ಎತ್ತಿನ ಗೊರಸು ಸವೆಯದಂತೆ ಕಬ್ಬಿಣದ ನಾಲ ಬಡಿಯುವುದು ಅವರ ಕಸುಬು. ದನ ಹಿಡಿದುಕೊಂಡು ಬಂದವರು ಮೊದಲು ಅವರ ಹತ್ತಿರ ನಿಂತು, ಅವರು ನೋಡಿ ಏನಾದರೂ ಹೇಳಿದ ಮೇಲೆಯೇ ರಸ್ತೆ ದಾಟಿ ನನ್ನ ಬಳಿ ಬರುತ್ತಿದ್ದರು. ನಾನು ಹತ್ತಿರ ಹೋದರೆ ಬುಸುಗುಡುವ ಎತ್ತು, ಅವರು ಬೆನ್ನ ಮೇಲೆ ಕೈಯಿಟ್ಟರೆ ಕಿವಿ ಇಳಿಬಿಟ್ಟು ನಿಲ್ಲುತ್ತಿತ್ತು. ಕಿಟಕಿಯಿಂದ ಇದನ್ನು ನೋಡುತ್ತ ನನ್ನ ಹೊಟ್ಟೆ ಉರಿಯುತ್ತಿತ್ತು. ಪದವಿಯಲ್ಲಿ ಚಿನ್ನದ ಪದಕ ಪಡೆದವಳು ನಾನು. ಅಕ್ಷರ ಬಾರದ ಆ ಮನುಷ್ಯನ ಮೇಲೆ ಕಿಚ್ಚುಪಡುತ್ತಿದ್ದೇನೆ ಎಂದು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ.

ಆ ಮಳೆಗಾಲ ವಿರೂಪಾಕ್ಷಪ್ಪ ಎಂಬ ರೈತ ತನ್ನ ಎತ್ತು ಸೋಮನನ್ನು ತಂದ. ಒಂಬತ್ತು ವರ್ಷದ ಎತ್ತು, ಬಲ ಮುಂಗಾಲು ಕುಂಟುತ್ತಿತ್ತು. ಹತ್ತಿಯ ಸಾಲುಗಳ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವ ಹೊತ್ತು ಅದು. ಕಪ್ಪು ಮಣ್ಣಿನ ಎರಿ ಹೊಲ ಹದಕ್ಕೆ ಬರುವುದು ಮಳೆಗಳ ನಡುವಿನ ನಾಲ್ಕೇ ದಿನ. ಆ ದಿನ ತಪ್ಪಿದರೆ ಕಳೆಯೇ ಬೆಳೆಯನ್ನು ನುಂಗುತ್ತದೆ.

ಕಾಲು ಪರೀಕ್ಷಿಸಿದೆ. ಬಾವಿಲ್ಲ, ಬಿಸಿಯಿಲ್ಲ, ಗೊರಸು ಒತ್ತಿದರೆ ಎಳೆದುಕೊಳ್ಳುವುದಿಲ್ಲ. ಮೂರು ದಿನ ನೋವಿನ ಇಂಜೆಕ್ಷನ್ ಕೊಟ್ಟೆ. ಕುಂಟು ನಿಲ್ಲಲಿಲ್ಲ. ಟೆಂಪೋದಲ್ಲಿ ಹಾಕಿಸಿ ಧಾರವಾಡಕ್ಕೆ ಕಳಿಸಿ ಎಕ್ಸ್-ರೇ ತೆಗೆಸಿದೆ. ಮೂಳೆ ಸರಿಯಿತ್ತು. ನಾಲ್ಕನೆಯ ಸಲ ಕಾಲು ನೋಡಲು ನಾನೇ ವಿರೂಪಾಕ್ಷಪ್ಪನ ಮನೆಗೆ ಹೋದಾಗ ಅವನು ಹಿಂಜರಿಯುತ್ತ ಕೇಳಿದ:

"ಬಾಯಾರ, ಇಮಾಮಸಾಬಗ ಒಮ್ಮೆ ತೋರಸ್ಲೇನ್ರಿ?"

"ಅವರ ಕಡೆ ಹೋಗೋದಿದ್ರ ನನ್ನ ಕಡೆ ಬರಬ್ಯಾಡ್ರಿ," ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಭುಜದ ನರಕ್ಕೆ ಪೆಟ್ಟಾಗಿರಬೇಕು, ಈ ಎತ್ತು ಇನ್ನು ಹೊಲಕ್ಕೆ ಬಾರದು ಎಂದೂ ಹೇಳಿಬಿಟ್ಟೆ. ನರದ ಬಗ್ಗೆ ನನ್ನ ಬಳಿ ಯಾವ ಪುರಾವೆಯೂ ಇರಲಿಲ್ಲ. ಗೊತ್ತಾಗಲಿಲ್ಲ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ವಿರೂಪಾಕ್ಷಪ್ಪ ಬರುವ ಸಂತೆಗೆ ಸೋಮನನ್ನು ಮಾರಲು ನಿರ್ಧರಿಸಿದ. ಅವನ ಹೆಂಡತಿ ನೀಲವ್ವ ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಕರುವಿನಿಂದ ಅದನ್ನು ಸಾಕಿದವಳು ಅವಳೇ.

ಸಂತೆಗೆ ಎರಡು ದಿನ ಮೊದಲು ಇಮಾಮಸಾಬ ಆಸ್ಪತ್ರೆಯ ಬಾಗಿಲಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ರಸ್ತೆ ದಾಟಿದ್ದು ಅದೇ ಮೊದಲು.

"ಸಿಟ್ಟಾಗಬ್ಯಾಡ್ರಿ ಬಾಯಾರ. ಮಾರೂಕಿಂತ ಮೊದಲ ಸೋಮನ ನಾಲ ಬಿಚ್ಚಿಸಾಕ ವಿರೂಪಾಕ್ಷಪ್ಪ ನಿನ್ನೆ ಕರದಿದ್ದ. ಆ ಎತ್ತಿನ ಕಾಲಾಗ ಏನೂ ಇಲ್ರಿ. ಮಂದಿ ಇಲ್ಲದಾಗ ಅದು ಹೆಂಗ ನಡೀತೈತಿ, ಒಮ್ಮೆ ನೋಡೂಣು ಬರ್ರಿ."

ಹೋಗಬಾರದು ಎಂದೇ ಮನಸ್ಸು ಹೇಳಿತು. ಆದರೆ ನೀಲವ್ವನ ಮುಖ ನೆನಪಾಗಿ ಎದ್ದೆ.

ಮಧ್ಯಾಹ್ನ ವಿರೂಪಾಕ್ಷಪ್ಪನ ಪಕ್ಕದ ಮನೆಯ ಮಾಳಿಗೆ ಹತ್ತಿ ನಾನು, ಇಮಾಮಸಾಬ, ಅವನು ಕೂತೆವು. ಕೆಳಗೆ ಹಿತ್ತಲಿನಲ್ಲಿ ಸೋಮನ ಹಗ್ಗ ಬಿಚ್ಚಿ ಬಿಟ್ಟಿದ್ದರು. ಸ್ವಲ್ಪ ಹೊತ್ತು ಅದು ಮೆಲುಕು ಹಾಕುತ್ತ ಮಲಗಿತ್ತು. ಆಮೇಲೆ ಎದ್ದು, ನಾಲ್ಕೂ ಕಾಲು ಸಮವಾಗಿ ಊರಿ, ದನ ನೀರು ಕುಡಿಯುವ ಕಲ್ಲಿನ ದೋಣಿಯವರೆಗೆ ನೆಟ್ಟಗೆ ನಡೆದು ಹೋಯಿತು. ಅಷ್ಟರಲ್ಲಿ ನೀಲವ್ವ ರೊಟ್ಟಿ ಹಿಡಿದು ಬಂದಳು. ತಿಂಗಳ ಹಿಂದೆ ಕೊಂಡುತಂದ ಹೋರಿಯ ಕಡೆಗೆ ಅವಳು ತಿರುಗಿದ್ದೇ ತಡ, ಸೋಮ ಬಲಗಾಲು ಎತ್ತಿ ಕುಂಟುತ್ತ ಅವಳ ಕಡೆ ಹೊರಟಿತು.

ವಿರೂಪಾಕ್ಷಪ್ಪ ಮಾಳಿಗೆಯ ಅಂಚಿಗೆ ಬಾಗಿ ನೋಡಿದ. "ಕಳ್ಳ ಮಗ," ಎಂದು ಮೆಲ್ಲಗೆ ನಕ್ಕ.

ಕೆಳಗಿಳಿದು ನೀಲವ್ವನನ್ನು ಕೇಳಿದಾಗ ವಿಷಯ ಒಂದೊಂದಾಗಿ ಬಿಚ್ಚಿಕೊಂಡಿತು. ಬೇಸಿಗೆಯಲ್ಲಿ ಮುಳ್ಳು ನಟ್ಟು ಸೋಮ ನಿಜವಾಗಿ ಕುಂಟಿದಾಗ ನೀಲವ್ವ ವಾರವಿಡೀ ಕೈಯಾರೆ ಬೆಲ್ಲ-ರೊಟ್ಟಿ ತಿನ್ನಿಸಿದ್ದಳು. ಆಮೇಲೆ ಹೊಸ ಹೋರಿ ಬಂತು, ಅದನ್ನು ಪಳಗಿಸಲು ಅವಳ ಬೆಲ್ಲ, ರೊಟ್ಟಿ, ಮಾತು ಎಲ್ಲ ಅದರ ಪಾಲಾಯಿತು. ಫಲ ಸಿಕ್ಕ ವರ್ತನೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂದು ನಾವು ಪುಸ್ತಕದಲ್ಲಿ ಓದುತ್ತೇವೆ. ಇದರಲ್ಲಿ ಮತ್ಸರ ಎಷ್ಟು, ಕಲಿಕೆ ಎಷ್ಟು ಎಂದು ನಾನು ಹೇಳಲಾರೆ. ಅದರ ಕಣ್ಣು ಹೋರಿಯ ಬಾಯಿಯ ಮೇಲೆ ನೆಟ್ಟಿದ್ದನ್ನಂತೂ ಕಂಡೆ. ಆ ನೋಟ ನನಗೆ ಪರಿಚಿತವಾಗಿತ್ತು.

ಕುಂಟಿದಾಗ ಏನೂ ಕೊಡಬೇಡಿ, ನೆಟ್ಟಗೆ ನಿಂತಾಗ ಹೋರಿಗಿಂತ ಮೊದಲು ಸೋಮನಿಗೆ ಕೊಡಿ ಎಂದು ಹೇಳಿದೆ. ಐದನೆಯ ದಿನ ಸೋಮ ನೊಗಕ್ಕೆ ಹೆಗಲು ಕೊಟ್ಟಿತು. ಆ ಹೊತ್ತಿಗೆ ಕಳೆ ಮೊಣಕಾಲೆತ್ತರ ಬೆಳೆದಿತ್ತು. ಅರ್ಧ ಹೊಲಕ್ಕೆ ಆಳು ಹಚ್ಚಿ ಕೀಳಿಸಬೇಕಾಯಿತು.

ಊರಲ್ಲಿ ಮಾತ್ರ ಬೇರೆ ಸುದ್ದಿ ಹಬ್ಬಿತು. "ಡಾಕ್ಟರ್ ಬಾಯಾರು ಐದ ಸಲ ಬಂದು ಎತ್ತಿನ ಕಳ್ಳತನಾ ಹಿಡದ್ರು," ಎಂದು ವಿರೂಪಾಕ್ಷಪ್ಪ ಇಮಾಮಸಾಬರ ಎದುರಿಗೇ ಹೇಳಿದ. ನನ್ನ ಮೇಲಿನ ಗೌರವಕ್ಕಾಗಿ ಹೇಳಿದ್ದು. ಇಮಾಮಸಾಬ ಮೊಳೆ ಆರಿಸುತ್ತ ಕೂತಿದ್ದರು. ಆ ಮಾತನ್ನು ನಾನೂ ತಿದ್ದಲಿಲ್ಲ. ಮೂರು ದಿನ ಅನ್ನ ರುಚಿಸಲಿಲ್ಲ.

ನಾಲ್ಕನೆಯ ದಿನ ರಸ್ತೆ ದಾಟಿ ಬೇವಿನ ಮರದ ಕೆಳಗೆ ಹೋದೆ. ಅಲ್ಲಿದ್ದ ನಾಲ್ಕಾರು ರೈತರ ಎದುರಿಗೆ, "ಸೋಮನ ರೋಗ ಕಂಡು ಹಿಡದವರು ಇವರು, ನಾ ಅಲ್ಲ. ನಾ ಹೇಳಿದ್ದು ತಪ್ಪಿತ್ತು," ಎಂದೆ. ಆಮೇಲೆ ಕೇಳಿದೆ: "ನಿಮಗ ಹೆಂಗ ಗೊತ್ತಾತ್ರಿ?"

"ಕುಂಟು ಚಾಲೂ ಆಗೂಕ ಎರಡ ದಿನ ಮೊದಲ ನಾನ ಹೊಸ ನಾಲ ಬಡದಿದ್ದೆ," ಎಂದರು ಅವರು. "ಬ್ಯಾನಿ ಇದ್ದ ಕಾಲ ಮ್ಯಾಲ ಭಾರ ಹಾಕೂದಿಲ್ರಿ. ಆ ಕಾಲಿನ ನಾಲ ಹೊಸಾದ ಇರಬೇಕಿತ್ತು. ಬಿಚ್ಚಿ ನೋಡಿದ್ರ ಎರಡೂ ಮುಂಗಾಲಿನವು ಸಮ ಸವದಿದ್ದವು."

ನಾಲ್ಕು ಸಲ ಆ ಕಾಲನ್ನು ಕೈಯಲ್ಲಿ ಹಿಡಿದಿದ್ದೆ. ಭುಜದಿಂದ ಗೊರಸಿನವರೆಗೆ ಒಂದಿಂಚೂ ಬಿಡದೆ ಒತ್ತಿ ನೋಡಿದ್ದೆ. ನಾಲವನ್ನು ಮಾತ್ರ ನೋಡಿರಲಿಲ್ಲ. ಅದು ಇಮಾಮಸಾಬರ ಕೆಲಸವಾಗಿತ್ತು, ಅದಕ್ಕೇ.