ಗುಜರಾತಿಗೆ ಹೋದವರು

ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳು ಮೊಬೈಲಿನಲ್ಲಿ ಹಳೆಯ ಪೊಲೀಸ್ ಧಾರಾವಾಹಿ ಹಾಕಿಕೊಟ್ಟು ತನ್ನ ಓದಿಗೆ ಕೂರುತ್ತಾಳೆ. ಕಾಮೋಠೆಯ ಈ ಫ್ಲ್ಯಾಟಿನಲ್ಲಿ ನನಗೆ ಅದೇ ಜೊತೆ. ಲಾಕಪ್ಪಿನ ಬಾಗಿಲು ಹಾಕಿದರೆ ರಟ್ಟಿನ ಗೋಡೆಯೇ ಅಲುಗಾಡುತ್ತದೆ. ಇನ್‌ಸ್ಪೆಕ್ಟರು ಓಡುವ ಗೋಜಿಗೇ ಹೋಗುವುದಿಲ್ಲ, ಕಳ್ಳನೇ ಕಾದು ನಿಂತಿರುತ್ತಾನೆ. ಈಗಿನವರು ನಗಲಿ. ನನಗೆ ಅದನ್ನು ನೋಡಿದರೆ ಡೊಂಬಿವಲಿಯ ಚಾಳಿನ ಒಂದೇ ಕೋಣೆ, ಪಕ್ಕದಲ್ಲಿ ಇವರು.

ಮದುವೆಯಾಗಿ ಕುಂದಾಪುರದ ಕಡೆಯಿಂದ ಬಂದಾಗ ನನಗೆ ಹಿಂದಿ ಬಾರದು. ಇವರು ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ದೋಸೆ ಹುಯ್ಯುವವರು. ಇವರ ಹಿಂದಿಯೂ ಮಸಾಲೆ, ಸಾದಾ ದಾಟುತ್ತಿರಲಿಲ್ಲ. ಆದರೂ ರಜೆಯ ಸಂಜೆ ಧಾರಾವಾಹಿಗೆ ಅರ್ಥ ಹೇಳುವ ಜಂಬ ಇವರದು. ಒಂದು ಸಲ ಇನ್‌ಸ್ಪೆಕ್ಟರು ಟೋಪಿ ತೆಗೆದು ಹೆಂಗಸೊಬ್ಬಳಿಗೆ, "ಆಪ್ ಕೇ ಪತಿ ಗುಜರ್ ಗಯೇ" ಎಂದ. ಅವಳು ಗೋಳೋ ಎಂದು ಅತ್ತಳು.

"ಮರ್ಕುದ್ ಎಂತಕೆ?" ಎಂದು ಆ ಅಳುವಿನ ಕಾರಣ ಕೇಳಿದೆ.

"ಗಂಡ ಗುಜರಾತಿಗ್ ಹೋದ್ನಂಬ್ರ್," ಎಂದರು.

ನಂಬಿದೆ. ಆ ವಾರವೇ ಪಕ್ಕದ ಕೋಣೆಯ ಮರಾಠಿ ಹೆಂಗಸಿನ ಗಂಡ ಕೆಲಸದ ಮೇಲೆ ಸೂರತ್ತಿಗೆ ಹೋದ. ನಲ್ಲಿಯ ಹತ್ತಿರ ಯಾರೋ ಅವನನ್ನು ವಿಚಾರಿಸಿದಾಗ ನಾನು ಹೊಸದಾಗಿ ಕಲಿತ ಹಿಂದಿಯಲ್ಲಿ, ಗುಜರ್ ಗಯೇ ಎಂದುಬಿಟ್ಟೆ. ಹಾಗೆಂದರೆ ತೀರಿಕೊಂಡರು ಎಂದು ನನಗೆ ತಿಳಿದದ್ದು, ಆ ಹೆಂಗಸು ಕೊಡ ಬಿಟ್ಟು ನನ್ನ ಮೇಲೆ ಏರಿಬಂದಾಗಲೇ. ಮನೆಗೆ ಬಂದು ಇವರ ಗ್ರಹಚಾರ ಬಿಡಿಸಿದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ನಾನೂ ನಕ್ಕೆ. ಅಂದಿನಿಂದ ಧಾರಾವಾಹಿಯಲ್ಲಿ ಹೆಣ ಬಿದ್ದಾಗಲೆಲ್ಲ, ಇದೂ ಗುಜರಾತಿಗೆ ಹೋಯಿತು ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದೆವು.

ಹೋದ ವರ್ಷ ಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ನನಗೆ ಅದೇ ಎರಡು ಮಾತು ಹೇಳಿದರು. ರೂಢಿಯಂತೆ ನಾನು ಅರ್ಥ ಕೇಳಲು ಪಕ್ಕಕ್ಕೆ ತಿರುಗಿದೆ.

ನಿನ್ನೆ ಮೊಬೈಲಿನಲ್ಲಿ ಆ ಕಂತೇ ಬಂತು. ಅದೇ ಟೋಪಿ, ಅದೇ ಅಳು. ತಡೆಯಲಾರದೆ, "ಗುಜರಾತಿಗ್ ಹೋದ್ನಂಬ್ರ್," ಎಂದು ಗಟ್ಟಿಯಾಗಿ ಹೇಳಿದೆ.

ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿದಳು. "ನಹೀ ಅಜ್ಜಿ, ಮರ್ ಗಯಾ ಬೋಲಾ ವೋ."

ಹೌದಾ ಎಂದೆ. ಪಾಪ, ಸರಿಯಾಗಿಯೇ ತಿದ್ದಿದಳು. ಆ ತಪ್ಪು ಹಿಂದಿ ಈಗ ನನ್ನೊಬ್ಬಳಿಗೇ ಬರುತ್ತದೆ.