ಬೆಟ್ಟದ ಮುಂದೆ ಒಬ್ಬರಿಗೆ ಜಾಗ

ಗುಬ್ಬಿಯ ನಮ್ಮ ಸ್ಟುಡಿಯೋದಲ್ಲಿ ಒಂದು ಹಿಮದ ಬೆಟ್ಟ ಇತ್ತು. ಬಿಳಿ ಶಿಖರ, ಅದರ ಬುಡದಲ್ಲಿ ಕೆಂಪು ಮಾಡಿನ ಮರದ ಮನೆ, ಪಕ್ಕದಲ್ಲಿ ಬಟ್ಟೆಗೆ ನೀಲಿ ಹಾಕಿದ ನೀರಿನಂಥ ಹೊಳೆ. ಅಪ್ಪ ಅದನ್ನು ತುಮಕೂರಿನ ಬೋರ್ಡ್ ಬರೆಯುವವರ ಕೈಲಿ ಬಟ್ಟೆಯ ಪರದೆ ಮೇಲೆ ಬರೆಸಿದ್ದರು. ಬರೆದವರೂ ಹಿಮ ಕಂಡಿರಲಿಲ್ಲ, ಬರೆಸಿದವರೂ ಕಂಡಿರಲಿಲ್ಲ. ಆದರೂ ಊರಿನ ಅರ್ಧ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ: ಹಣೆ ತುಂಬ ವಿಭೂತಿ ಇಟ್ಟ ತಾತಂದಿರು, ಕೊಬ್ಬರಿ ವ್ಯಾಪಾರದ ಅಣ್ಣತಮ್ಮಂದಿರು, ಮಡಿಲಲ್ಲಿ ಮಗು ಇಟ್ಟುಕೊಂಡ ಬಾಣಂತಿಯರು.

ಈಗ ಕ್ಯಾಮೆರಾ ನನ್ನ ಕೈಗೆ ಬಂದಿದೆ. ಅಪ್ಪ ಮುಂದಿನ ಕೋಣೆಯ ಮೇಜಿನ ಹತ್ತಿರ ಕೂತು ಪಾಸ್‌ಪೋರ್ಟ್ ಸೈಜಿನ ಫೋಟೋ ಕತ್ತರಿಸುತ್ತಾರೆ. ಹಿನ್ನೆಲೆಯನ್ನು ಕಂಪ್ಯೂಟರಿನಲ್ಲೇ ಅಂಟಿಸಬಹುದು, ನಿಜ. ಆದರೆ ನಮ್ಮ ಗಿರಾಕಿಗಳಿಗೆ ತಾವು ಯಾವುದರ ಮುಂದೆ ನಿಂತಿದ್ದೇವೆ ಅನ್ನುವುದು ನಿಂತಾಗಲೇ ಕಾಣಬೇಕು. ಹಾಗಾಗಿ ಪರದೆ ಉಳಿದುಕೊಂಡಿತ್ತು, ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಮದುವೆ ಫೋಟೋಗೆಂದು ತುಮಕೂರು, ಕುಣಿಗಲ್ ಅಂತ ಸುತ್ತುವವಳು ನಾನು. ದಾರಿಯುದ್ದಕ್ಕೂ ಬೆಟ್ಟಗಳು. ಅಷ್ಟು ಬೆಟ್ಟ ಇಟ್ಟುಕೊಂಡು ಯಾರದೋ ದೇಶದ ಬೆಟ್ಟಕ್ಕೆ ಬೆನ್ನು ಕೊಟ್ಟು ನಿಲ್ಲುವುದು ನನಗೆ ಅವಮಾನ ಅನ್ನಿಸುತ್ತಿತ್ತು.

ತುಮಕೂರಿನಲ್ಲಿ ಒಂದು ಆರತಕ್ಷತೆ ಮುಗಿಸಿ ಅಲ್ಲೇ ಉಳಿದಿದ್ದೆ. ಬೆಳಗ್ಗೆ ಕತ್ತಲಿರುವಾಗಲೇ ಸ್ಕೂಟರ್ ಹತ್ತಿ ದೇವರಾಯನದುರ್ಗಕ್ಕೆ ಹೋದೆ. ಮೇಲೆ ನಿಂತು ನೋಡಿದರೆ ಕೆಳಗೆ ಊರೇ ಇಲ್ಲ, ಬರೀ ಮಂಜು. ಅದರ ನಟ್ಟನಡುವಿನಿಂದ ಸೂರ್ಯ ಎದ್ದ. ಒಂದೇ ಸಮನೆ ಕ್ಯಾಮೆರಾ ಒತ್ತಿದೆ. ಅಷ್ಟು ಚೆಂದದ ಫೋಟೋ ಅಲ್ಲಿಯವರೆಗೆ ನಾನು ತೆಗೆದಿರಲಿಲ್ಲ. ಆ ವಾರವೇ ಗೋಡೆಯಷ್ಟಗಲ ಪ್ರಿಂಟ್ ಹಾಕಿಸಿ, ಅಪ್ಪನ ಪರದೆಯ ಪಕ್ಕದ ಗೋಡೆಗೆ ತೂಗುಹಾಕಿದೆ.

ಮೊದಲು ಸಿಕ್ಕಿದವನು ಹೆಣ್ಣಿನ ಕಡೆಯವರಿಗೆ ಕಳಿಸಲು ಫೋಟೋ ಬೇಕೆಂದು ಬಂದ ಯುವಕ. ಅವನನ್ನು ನಾನೇ ಬಲವಂತದಿಂದ ನನ್ನ ಬೆಟ್ಟದ ಮುಂದೆ ನಿಲ್ಲಿಸಿದೆ. ಫೋಟೋ ನೋಡಿ ಅವನ ಮುಖ ಇಳಿದುಹೋಯಿತು. ಸೂರ್ಯ ಸರಿಯಾಗಿ ಅವನ ತಲೆಯ ಹಿಂದೆ, ಕಾಲ ಕೆಳಗೆ ಬರೀ ಮೋಡ. ಸರ್ಕಲ್ಲಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಸತ್ತವರು ಹೇಗೆ ನಿಂತಿರುತ್ತಾರೋ, ಹಾಗೇ ನಿಂತಿದ್ದ.

"ಮದ್ವೆಗೆ ಮುಂಚೇನೇ ಮೇಲಕ್ಕೆ ಕಳಿಸ್ಬಿಟ್ರಲ್ಲ ಮೇಡಂ!" ಅಂದ.

ಅಪ್ಪ ನಕ್ಕ ರಭಸಕ್ಕೆ ಕತ್ತರಿ ಕೈಜಾರಿ ಬಿತ್ತು. ಯುವಕ ಹಿಮದ ಬೆಟ್ಟದ ಮುಂದೆ ಇನ್ನೊಂದು ತೆಗೆಸಿಕೊಂಡು ಹೋದ ಮೇಲೂ ನಗುತ್ತಲೇ ಇದ್ದರು. ನನಗೆ ರೇಗಿತು.

"ನಮ್ಮ ಬೆಟ್ಟ ಏನಪ್ಪ ಪಾಪ ಮಾಡಿದೆ?" ಅಂದೆ.

"ದಿನಾ ನೋಡೋ ಬೆಟ್ಟದ ಮುಂದೆ ನಿಂತ್ಕೊಳಕ್ಕೆ ಇಲ್ಲಿಗ್ಯಾಕೆ ಬರ್ತಾರೆ ಕಣಮ್ಮ? ಆಯ್ತು, ಒಂದು ಮಾತು. ಒಬ್ರೇ ಒಬ್ಬ ಗಿರಾಕಿ, ನೀನು ಬಾಯಿ ಬಿಡದೆ, ತಾವಾಗೇ ನಿನ್ನ ಬೆಟ್ಟ ಬೇಕು ಅನ್ಲಿ. ಅವತ್ತೇ ನನ್ನ ಪರದೆ ನಾನೇ ಇಳಿಸ್ತೀನಿ."

"ಇಳಿಸ್ಬೇಕು ಮತ್ತೆ," ಅಂದೆ.

ಕುಣಿಗಲ್ ಕಡೆ ಮದುವೆಗೆ ಹೋದಾಗ ಹುಲಿಯೂರುದುರ್ಗದ ಬೆಟ್ಟವನ್ನು ಸೂರ್ಯ ಮುಳುಗುವ ಹೊತ್ತಿನಲ್ಲಿ ಕ್ಯಾಮೆರಾದಲ್ಲಿ ಹಿಡಿದೆ. ಇಡೀ ಬಂಡೆ ಕೆಂಡವಾಗಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಆ ಬಂಡೆ ಚೌಕಟ್ಟಿನ ತುಂಬ ತಾನೇ ಕೂತಿದೆ, ಇನ್ನೊಬ್ಬರು ನಿಲ್ಲಲು ಗೇಣು ಜಾಗ ಬಿಟ್ಟಿಲ್ಲ. ಆಗ ನನ್ನ ತಪ್ಪು ತಿಳಿಯಿತು. ಎರಡು ಸಲವೂ ಬೆಟ್ಟವನ್ನು ನನ್ನ ಖುಷಿಗೆ ತೆಗೆದಿದ್ದೆ. ಅದರ ಮುಂದೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ ಅನ್ನುವುದನ್ನೇ ಮರೆತಿದ್ದೆ. ಅಪ್ಪನ ಪರದೆಯನ್ನು ಮತ್ತೆ ಹೋಗಿ ನೋಡಿದೆ. ಶಿಖರ ಒಂದು ಪಕ್ಕಕ್ಕೆ, ಮನೆ ಇನ್ನೊಂದು ಪಕ್ಕಕ್ಕೆ, ನಡುವೆ ಏನೂ ಇಲ್ಲ. ನೆಲ ನೆಲದ ಹಾಗೇ ಇತ್ತು. ಹಿಮ ಕಾಣದಿದ್ದರೂ ಆ ಬೋರ್ಡ್ ಬರೆಯುವವರಿಗೆ ಇಷ್ಟು ಗೊತ್ತಿತ್ತು.

ಆಮೇಲೆ ಬೆಟ್ಟ ಹತ್ತುವುದನ್ನೇ ಬಿಟ್ಟೆ. ಚಳಿಗಾಲದಲ್ಲಿ, ಮಳೆ ಬಿದ್ದ ಮಾರನೆಯ ಬೆಳಗ್ಗೆ, ಊರ್ಡಿಗೆರೆ ಕಡೆಯ ಒಂದು ಕೆರೆಯ ಏರಿಗೆ ಹೋದೆ. ಅಲ್ಲಿಂದ ದೇವರಾಯನದುರ್ಗ ಎದುರಿಗೇ ಕಾಣುತ್ತದೆ. ಮದುವೆಗೆ ಒಯ್ಯುವ ಲೈಟ್ ಸ್ಟ್ಯಾಂಡನ್ನು ಏರಿಯ ಮೇಲೆ ನಿಲ್ಲಿಸಿ, ಆಳೆತ್ತರಕ್ಕೆ ಏರಿಸಿ, ಅದರ ತುದಿಗೆ ನನ್ನ ಹೆಲ್ಮೆಟ್ ಸಿಕ್ಕಿಸಿದೆ. ಅದೇ ನನ್ನ ಗಿರಾಕಿ. ಹಸು ಹೊಡೆದುಕೊಂಡು ಬಂದ ಒಬ್ಬರು ನಿಂತು ನೋಡಿದರು.

"ಏನಮ್ಮ, ಕೆರೆ ಕಾಯಕ್ಕೆ ಬೆದರುಬೊಂಬೆ ನಿಲ್ಸಿದ್ದೀಯಾ?"

"ಫೋಟೋ ತೆಗೆಸ್ಕೊಳಕ್ಕೆ ಬಂದವ್ರೆ ಕಣಣ್ಣ," ಅಂದೆ.

ಮೊದಲ ದಿನ ಮಂಜು ಬೆಟ್ಟವನ್ನೇ ನುಂಗಿತು. ಎರಡನೆಯ ದಿನ ಮಂಜೇ ಇಲ್ಲ. ಮೂರನೆಯ ದಿನ ಅದು ತೋಟಗಳ ಮೇಲಿಂದ ಮೆಲ್ಲಗೆ ಎದ್ದು, ಬೆಟ್ಟದ ಸೊಂಟದವರೆಗೆ ಬಂದು ನಿಂತುಬಿಟ್ಟಿತು. ಬಿಸಿಲು ನನ್ನ ಎಡಹೆಗಲ ಹಿಂದಿನಿಂದ ಬಂತು, ಸ್ಟುಡಿಯೋದಲ್ಲಿ ನಮ್ಮ ದೊಡ್ಡ ಲೈಟು ಬರುವ ಕಡೆಯಿಂದಲೇ. ಬೆಟ್ಟ ಹೆಲ್ಮೆಟ್ಟಿನ ಬಲಕ್ಕಿತ್ತು, ಎಡಕ್ಕೆ ಎರಡು ತೆಂಗಿನಮರ, ಕೆಳಗೆ ಏರಿಯ ಗಟ್ಟಿ ಮಣ್ಣು. ಓಡಿಹೋಗಿ ಸ್ಟ್ಯಾಂಡ್ ಕಿತ್ತುಕೊಂಡು ಬಂದು ಒತ್ತಿದೆ. ಒತ್ತಿದ ಕೂಡಲೇ ಗೊತ್ತಾಯಿತು. ಆ ಖಾಲಿ ಏರಿಯ ಮೇಲೆ ಒಬ್ಬಳೇ ಕೇಕೆ ಹಾಕಿದೆ. ಕೆಳಗೆ ಮೇಯುತ್ತಿದ್ದ ಹಸುಗಳು ತಲೆಯೆತ್ತಿ ನೋಡಿದವು.

ಹೊಸ ಪ್ರಿಂಟ್ ಗೋಡೆಗೆ ಬಂತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಂದವರೆಲ್ಲ ಅಭ್ಯಾಸಬಲದಿಂದ ಹಿಮದ ಬೆಟ್ಟದ ಕಡೆಗೇ ನಡೆದರು. ಒಬ್ಬೊಬ್ಬರು ಹೋದಾಗಲೂ ಅಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಸೋತೆ ಅಂದುಕೊಂಡ ದಿನಗಳೂ ಇದ್ದವು.

ಒಂದು ಮಧ್ಯಾಹ್ನ ಹಾಗಲವಾಡಿಯಿಂದ ಒಬ್ಬ ಅಜ್ಜಿ, ಮಗಳ ಜೊತೆ, ಪೆನ್ಷನ್ ಅರ್ಜಿಗೆ ಫೋಟೋ ತೆಗೆಸಲು ಬಂದರು. ಅದಕ್ಕೆ ಬೆಟ್ಟವೂ ಬೇಡ, ಗಿಡವೂ ಬೇಡ, ಬಿಳಿ ಗೋಡೆ ಸಾಕು. ತೆಗೆದು ಮುಗಿಸಿದೆ. ಮಗಳು ಹೊರಟರೂ ಅಜ್ಜಿ ಮಾತ್ರ ಕದಲಲಿಲ್ಲ. ನನ್ನ ಪ್ರಿಂಟಿನ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಇದು ದುರ್ಗ ಅಲ್ವೇನಮ್ಮ? ನಾನು ಊರ್ಡಿಗೆರೆ ಹೆಣ್ಣು ಕಣವ್ವ. ಹಾಗಲವಾಡಿಗೆ ಕೊಟ್ರು."

ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ. ಅಜ್ಜಿ ಮಂಜಿನ ಮೇಲೆ ಬೆರಳಿಟ್ಟರು.

"ಇಲ್ಲೇ ಕೆಳಗೈತೆ ನಮ್ಮಪ್ಪನ ಮನೆ. ಈಗ ಕಾಣಕ್ಕಿಲ್ಲ. ಒಸಿ ಹೊತ್ತಿಗೆ ಮಂಜು ಕರಗ್ತದೆ, ಆಗ ಕಾಣ್ತದೆ."

ಹಾಗಂದು ನಿಜವಾಗಿಯೂ ಒಂದು ಗಳಿಗೆ ಕಾದರು. ಆಮೇಲೆ ಸೆರಗು ಸರಿಮಾಡಿಕೊಂಡು ತಿರುಗಿ ನಿಂತರು.

"ಇಲ್ಲಿ ನಿಂತಿದೀನಿ, ಇನ್ನೊಂದು ತೆಗಿ. ಅರ್ಜಿಗಲ್ಲ, ನಂಗೆ."

ಮುಂದಿನ ಕೋಣೆಯಲ್ಲಿ ಕತ್ತರಿಯ ಸದ್ದು ನಿಂತಿತು. ಅಪ್ಪ ಸ್ಟೂಲ್ ಎತ್ತಿಕೊಂಡು ಬಂದರು. ಅದನ್ನು ಹತ್ತಿ, ಹಿಮದ ಬೆಟ್ಟದ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿ, ಇಳಿಸಿ, ನೀಟಾಗಿ ಸುತ್ತಿ ಮೂಲೆಗೆ ಒರಗಿಸಿದರು. ನಂತರ ದೊಡ್ಡ ಲೈಟನ್ನು ತಾವೇ ತಳ್ಳಿಕೊಂಡು ಬಂದು ಎಡಕ್ಕೆ ನಿಲ್ಲಿಸಿದರು. ನಾನು ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಏರಿಯ ಮೇಲೆ ಹೆಲ್ಮೆಟ್ ನಿಂತಿದ್ದ ಜಾಗದಲ್ಲಿ ಅಜ್ಜಿಯ ಬಿಳಿ ತಲೆ ಇತ್ತು. ಕಾಲು ಮಣ್ಣಿನ ಮೇಲಿತ್ತು. ಗೆದ್ದ ಖುಷಿಗೆ ಕಣ್ಣು ಮಂಜಾಗಿ, ಒತ್ತುವುದನ್ನೇ ಮರೆತು ನೋಡುತ್ತ ನಿಂತೆ.

"ಗೆದ್ದೆಯಲ್ಲ, ಒತ್ತೇ ಬೇಗ," ಅಂದರು ಅಪ್ಪ. "ಮಂಜು ಕರಗೋಗ್ತದೆ."