ಕಿಟಕಿ ತೆರೆದ ಹೊಲಿಗೆ ಟೀಚರು

ಹೊಲಿಗೆ ಟೀಚರು ಕಣ್ಣು ಮುಚ್ಚಿಕೊಂಡೇ ಕವಿತೆ ಕೇಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಚನ್ನಗಿರಿಯ ನಾವೊಂದಿಷ್ಟು ಬರೆಯುವವರು ಭಾನುವಾರ ಸಂಜೆ ಸಾಹುಕಾರರೊಬ್ಬರ ಮಹಡಿಯಲ್ಲಿ ಸೇರುತ್ತಿದ್ದೆವು. ಓದಿದ್ದು ಹುಸಿ ಅನ್ನಿಸಿದರೆ ಟೀಚರು ಕಣ್ಣು ಬಿಟ್ಟು, "ಇನ್ನೊಂದ್ಸಲ ಓದ್ರಿ" ಅನ್ನುವರು. ಅಷ್ಟೇ. ಎರಡನೇ ಸಲ ಓದುವಾಗ ನಮ್ಮ ಸುಳ್ಳು ನಮ್ಮ ಕಿವಿಗೇ ಕೇಳಿಸುತ್ತಿತ್ತು.

ಒಮ್ಮೆ ಸಾಹುಕಾರರೇ ಕವಿತೆ ತಂದರು. ತಮ್ಮ ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ದಣಿವೇ ಇಲ್ಲ, ದುಡಿಮೆಯೇ ಹಬ್ಬ ಅಂತ. ಜಾಗ ಅವರದು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟೀಚರು ಎದ್ದು ಹೋಗಿ ಅಂಗಳದ ಕಡೆಯ ಕಿಟಕಿ ತೆರೆದರು.

"ಇನ್ನೊಂದ್ಸಲ ಓದ್ರಿ. ಜೋರಾಗಿ."

ಸಾಹುಕಾರರು ಹೆಮ್ಮೆಯಿಂದಲೇ ಓದಿದರು. ಕೆಳಗೆ ಅಡಿಕೆ ಸುಲಿಯುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು.

ಮುಂದಿನ ವಾರ ಮಹಡಿಗೆ ಬೀಗ ಬಿದ್ದಿತ್ತು.

"ಇನ್ನೆಲ್ಲಿ ಸೇರಾಕೆ ಆಗ್ತೈತೆ? ನಡೀರಿ ಮನಿಗೆ" ಅಂದೆ ನಾನು.

ಟೀಚರು ನನ್ನ ಕಡೆ ನೋಡಲೂ ಇಲ್ಲ. ನೇರ ಅಂಗಳಕ್ಕೆ ಹೋಗಿ, ಆ ಹೆಂಗಸರ ನಡುವೆ ಕೂತು, ತಾವು ಬರೆದು ತಂದಿದ್ದ ಕತೆ ಓದತೊಡಗಿದರು. ಸಾಹುಕಾರರು ಬಾಗಿಲಿಗೆ ಬಂದು ಗದರಿದರು: "ಏನ್ರೀ ಟೀಚರೇ ಇದು?"

ಟೀಚರು ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬರ್ರಿ ಸಾಹುಕಾರ್ರೇ, ಕುಂದರ್ರಿ. ನಿಮ್ಮ ಕವಿತೆ ಇವರು ಇನ್ನೊಂದ್ಸಲ ಕೇಳ್ಬೇಕಂತೆ."